ಹನ್ನೊಂದನೆಯ ತೂತು

ಆ ಕಾಗದದ ಟಾರ್ಗೆಟ್ಟಿನಲ್ಲಿ ಹನ್ನೊಂದು ತೂತುಗಳಿವೆ. ಹತ್ತು ತೂತುಗಳ ಅಂಚು ಸ್ವಚ್ಛವಾಗಿದೆ. ಹನ್ನೊಂದನೆಯದು ನಡುವಿನ ಕಪ್ಪು ವೃತ್ತದ ಹೊರಗೆ, ಎಡಗಡೆ ಬಿಳಿಯ ಮೇಲೆ ಬಿದ್ದಿದೆ. ಅದರ ಸುತ್ತ ಜಿಡ್ಡಿನ ಬೂದು ಉಂಗುರವಿದೆ. ಉಂಗುರದ ಒಂದು ಪಕ್ಕ ಹರಡಿ ಮಸುಕಾಗಿದೆ. ಯಾರೋ ಹೆಬ್ಬೆರಳಿನಿಂದ ಅದನ್ನು ಒರೆಸಲು ನೋಡಿದ್ದಾರೆ.

ಒರೆಸಿದವರು ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಗೌರವಕ್ಕಾಗಿ ಅಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಡಾಲಸ್ ಬಳಿಯ ಲಿಟಲ್ ಎಲ್ಮ್‌ನ ಒಂದು ಮನೆಯ ಸಂಕ್ರಾಂತಿ ಊಟದಲ್ಲಿ. ಟೆಕ್ಸಸ್‌ಗೆ ಬಂದು ಒಂದು ವರ್ಷವಾಗಿತ್ತು. ಲಾಸ್ ಕೊಲಿನಾಸ್‌ನ ಒಂದು ವಿಮಾ ಕಂಪನಿಯಲ್ಲಿ, ಬೇರೆಯವರು ಸಿದ್ಧಪಡಿಸಿದ ಅಂಕಿಗಳನ್ನು ತಾಳೆ ನೋಡುವ ಕೆಲಸ ನನ್ನದು. ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದೆ. ಮೈಸೂರಿನ ಕಾಲೇಜಿನಲ್ಲಿ ನಾನು ಎನ್‌ಸಿಸಿಯಲ್ಲಿದ್ದೆ ಎಂದು ಯಾರೋ ಹೇಳಿದ್ದನ್ನು ಕೇಳಿ ಅವರು ನೇರ ನನ್ನ ಮುಂದೆ ಬಂದರು. ಅರವತ್ತೇಳರ ವಯಸ್ಸು, ಎತ್ತರದ ಒಣ ಮೈ. ಬಲಗೆನ್ನೆಯಲ್ಲಿ, ರೈಫಲ್ಲಿನ ಮರ ಒತ್ತುವ ಜಾಗದಲ್ಲಿ, ಸಣ್ಣದೊಂದು ತಗ್ಗು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

"ಐದು ಗುಂಡು ಎಷ್ಟರಾಗ ಹಾಕ್ತಿದ್ದಿವಾ?"

ಐದು ತೂತುಗಳೂ ಎಷ್ಟು ಅಗಲದೊಳಗೆ ಬೀಳುತ್ತಿದ್ದವು ಎಂದು ಅವರ ಪ್ರಶ್ನೆ. ಇಪ್ಪತ್ತೈದು ಮೀಟರಿನಲ್ಲಿ ಮೂರೂವರೆ ಸೆಂಟಿಮೀಟರ್ ಅಂದೆ. ಅವರು ನನ್ನ ತಟ್ಟೆಯಲ್ಲಿದ್ದ ಕಬ್ಬಿನ ತುಂಡನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಮೂರೂವರೆ ಅಂದಳು, ಮೂರೋ ನಾಕೋ ಅನಲಿಲ್ಲ ಎಂದು ಹೆಂಡತಿಯನ್ನು ಕರೆದು ಹೇಳಿದರು. ಅಂದಿನಿಂದ ನಾನು ಅವರ ಶಿಷ್ಯೆಯಾದೆ.

ಧಾರವಾಡದ ಕಡೆಯ ಕಾಳಿನ ವ್ಯಾಪಾರಿಗಳ ಮನೆತನ ಅವರದು. ಓದಿ ಎಂಜಿನಿಯರಾಗಿ ಹೂಸ್ಟನ್‌ನ ತೈಲ ಕಂಪನಿಗಳಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತಿಯ ಮೇಲೆ ಅಲ್ಲಿನ ಶುಗರ್ ಲ್ಯಾಂಡ್‌ನ ಮನೆ ಮಾರಿ ಮಗಳ ಹತ್ತಿರ ಎಂದು ಉತ್ತರಕ್ಕೆ, ಲಿಟಲ್ ಎಲ್ಮ್‌ಗೆ ಬಂದಿದ್ದರು. ಅವರ ಹವ್ಯಾಸ ಹಳೆಯ ಸೈನ್ಯದ ರೈಫಲ್‌ಗಳು. ಬರೀ ಸಂಗ್ರಹವಲ್ಲ, ಸ್ಪರ್ಧೆ. ಎರಡು ಮಹಾಯುದ್ಧಗಳ ಕಾಲದ ರೈಫಲ್‌ಗಳಿಗೆ ದುರ್ಬೀನು ಹಾಕದೆ, ಕಬ್ಬಿಣದ ಗುರಿಮೊನೆಯಿಂದಲೇ ನೋಡಿ, ನೂರು ಗಜದ ಆಚೆಯ ಕಾಗದಕ್ಕೆ ಹೊಡೆಯುವ, ಒಂದು ಕ್ಲಬ್ಬು ನಡೆಸುವ ಸ್ಪರ್ಧೆ. ಅಲ್ಲಿ ಬರುವವರು ಹೆಚ್ಚಾಗಿ ಬಿಳಿಯ ಅಜ್ಜಂದಿರು. ಅವರ ನಡುವೆ ಇವರು ತ್ರೀ ನಾಟ್ ತ್ರೀ ಹಿಡಿದು ಗುರಿಯಿಡಲು ಬೋರಲು ಮಲಗುತ್ತಿದ್ದರು, ನಮ್ಮೂರಿನ ಪೊಲೀಸರ ಹೆಗಲ ಮೇಲೆ ನೋಡಿದ ಅದೇ ರೈಫಲ್. ಅಂಥವು ಎರಡಿದ್ದವು. ಎರಡನೆಯದನ್ನು ಗುಂಡು ಹೊಡೆಯುವ ರೇಂಜಿನಲ್ಲಿ ನನ್ನ ಕೈಗೆ ಕೊಡುತ್ತಿದ್ದರು.

ನನ್ನಂಥ ವರ್ಕ್ ವೀಸಾದವರು ಇಲ್ಲಿ ಬಂದೂಕು ಮುಟ್ಟಬೇಕಾದರೆ ಬೇಟೆಯ ಲೈಸೆನ್ಸ್ ಇರಬೇಕು. ಮೊಟ್ಟೆಯನ್ನೂ ತಿನ್ನದ ನಾನು ಜಿಂಕೆ ಹೊಡೆಯಲು ಅನುಮತಿ ಕೊಡುವ ಕಾಗದವನ್ನು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದೆ. ಅದನ್ನು ಮಾಡಿಸಲು ಅವರೇ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಕೌಂಟರಿನವನು ಯಾವ ಪ್ರಾಣಿ ಎಂದು ಕೇಳಿದಾಗ, ಈಕೆ ಕಾಗದವನ್ನು ಮಾತ್ರ ಕೊಲ್ಲುತ್ತಾಳೆ ಎಂದರು. ನನಗೆ ನಗು ಬಂತು. ಅವರ ಜೊತೆ ನಕ್ಕ ದಿನಗಳೂ ಇದ್ದವು ಎಂಬುದನ್ನು ಮುಚ್ಚಿಡುವುದಿಲ್ಲ.

ಅವರು ಗುಂಡುಗಳನ್ನು ಕೊಳ್ಳುತ್ತಿರಲಿಲ್ಲ. ಗರಾಜಿನಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಜೇನುಮೇಣ ಬೆರೆಸಿದ ಜಿಡ್ಡು ಸವರಿ ತಾವೇ ಮಾಡುತ್ತಿದ್ದರು. ಆ ಗುಂಡು ಕಾಗದ ದಾಟುವಾಗ ಜಿಡ್ಡನ್ನು ತೂತಿನ ಸುತ್ತ ಬಿಟ್ಟು ಹೋಗುತ್ತಿತ್ತು. ಅಂಗಡಿಯ ತಾಮ್ರದ ಕವಚದ ಗುಂಡು ಹಾಗೆ ಬಿಡುವುದಿಲ್ಲ. ನಾನು ಯಾವಾಗಲೂ ಅಂಗಡಿಯದನ್ನೇ ಹೊಡೆಯುತ್ತಿದ್ದೆ. ಈ ವ್ಯತ್ಯಾಸವನ್ನು ನನಗೆ ತೋರಿಸಿಕೊಟ್ಟವರೂ ಅವರೇ. ತೂತಿನ ಮೇಲೆ ಬೆರಳಿಟ್ಟು, "ಇದು ನನ್ನ ಸಹಿ ನೋಡವಾ" ಅಂದಿದ್ದರು.

ತೂತು ಎಣಿಸುವಾಗ ಒಂದು ಎಂದು ಶುರು ಮಾಡುತ್ತಿರಲಿಲ್ಲ. ಪೆನ್ಸಿಲಿನ ಹಿಂದಿನ ತುದಿಯಿಂದ ಮೊದಲ ತೂತನ್ನು ಮುಟ್ಟಿ "ಲಾಭ" ಎನ್ನುವರು. ಆಮೇಲೆ ಎರಡು, ಮೂರು. ಅವರ ಅಜ್ಜ ಜೋಳ ಅಳೆಯುವಾಗ ಮೊದಲ ಸೇರಿಗೆ ಹಾಗೆನ್ನುತ್ತಿದ್ದರಂತೆ. ಇಲ್ಲಿನವರ ಟಾರ್ಗೆಟ್ಟನ್ನೂ ಹಾಗೇ ಎಣಿಸುತ್ತಿದ್ದರು. ಕ್ಲಬ್ಬಿನ ಅಜ್ಜಂದಿರು ಒಂದಕ್ಕೆ ನಮ್ಮ ಭಾಷೆಯಲ್ಲಿ ಲಾಭ ಎನ್ನುತ್ತಾರೆ ಎಂದೇ ತಿಳಿದಿದ್ದರು.

ಇನ್ನೊಂದು ಮಾತು ಅವರ ಬಾಯಲ್ಲಿ ಸದಾ ಇರುತ್ತಿತ್ತು: ಮುಯ್ಯಿ. ನಾನು ಚಟ್ನಿಪುಡಿ ಹಾಕಿ ಕೊಟ್ಟ ಡಬ್ಬಿ ಖಾಲಿ ಬರುತ್ತಿರಲಿಲ್ಲ. ಶೇಂಗಾ ಹೋಳಿಗೆ ಬರುತ್ತಿತ್ತು, ಅದರ ಮುಚ್ಚಳದ ಮೇಲೆ "ಮುಯ್ಯಿ" ಎಂದು ಪೆನ್ಸಿಲಿನಲ್ಲಿ ಬರೆದಿರುತ್ತಿತ್ತು. ನಾನು ಒಂದು ದಿನ ಕಾರಿನಲ್ಲಿ ಮನೆಗೆ ಬಿಟ್ಟರೆ ಮುಂದಿನ ವಾರ ನನ್ನ ಕಾರಿನ ಗಾಳಿ ನೋಡಿ ತುಂಬಿಸುವರು. ಯಾರ ಮುಯ್ಯಿಯನ್ನೂ ಮೈಮೇಲೆ ಇಟ್ಟುಕೊಂಡು ಮಲಗಬಾರದು ಎನ್ನುವರು.

ಗುರುಗಳಾಗಿ ಅವರು ಒಳ್ಳೆಯವರು. ಇದನ್ನೂ ಬರೆಯಬೇಕು. ನಾನು ಹೊಡೆಯುವಾಗ ಅವರು ಟಾರ್ಗೆಟ್ಟನ್ನು ನೋಡುತ್ತಿರಲಿಲ್ಲ, ನನ್ನ ಬಲಗೈಯ ತೋರುಬೆರಳನ್ನು ನೋಡುತ್ತಿದ್ದರು. ಬೆರಳು ಸರಿಯಿದ್ದರೆ ಗುಂಡು ಎಲ್ಲಿ ಹೋಯಿತೆಂದು ನೋಡುವ ಅಗತ್ಯವಿಲ್ಲ ಎನ್ನುವರು. ಅವರ ಮೊದಲ ಪಾಠ, ಕೊನೆಯ ಪಾಠ ಎರಡೂ ಒಂದೇ. ಸಾಲಾಗಿ ಇಪ್ಪತ್ತು ಟಾರ್ಗೆಟ್ ನಿಂತಿರುತ್ತವೆ, ಪ್ರತಿಯೊಂದರ ಕೆಳಗೆ ಒಂದು ನಂಬರಿನ ಹಲಗೆ. ಅವಸರದಲ್ಲಿ ಪಕ್ಕದವರದಕ್ಕೆ ಹೊಡೆದುಬಿಡುವುದು ಎಲ್ಲರಿಂದಲೂ ಆಗುವ ತಪ್ಪು. "ಮೊದಲ ನಂಬರ್ ಓದು. ಆಮ್ಯಾಲ ಉಸುರು ಹಿಡಿ." ಪ್ರತಿ ಸುತ್ತಿಗೂ ಮೊದಲು, ನಾನು ಮಲಗಿದ ಮೇಲೆ, ಇದನ್ನು ಹೇಳುತ್ತಿದ್ದರು.

ಎರಡನೆಯ ವರ್ಷ ಆಸ್ಟಿನ್ ಹತ್ತಿರದ ವಾರ್ಷಿಕ ಸ್ಪರ್ಧೆಗೆ ಹೋದೆವು. ನನಗೆ ಎಂಟನೆಯ ನಂಬರು, ಅವರಿಗೆ ಏಳು. ಕೊನೆಯ ಸುತ್ತು ವೇಗದ್ದು: ಐದೈದು ಗುಂಡುಗಳ ಎರಡು ಕ್ಲಿಪ್, ಎಂಬತ್ತು ಸೆಕೆಂಡು. ಅದುವರೆಗೆ ನಾನು ಮುಂದಿದ್ದೆ, ಅವರಿಗಿಂತ ಆರು ಅಂಕ. ಹೊಡೆದು ಮುಗಿಸಿ, ರೈಫಲ್‌ಗಳನ್ನು ತೆರೆದಿಟ್ಟು, ಎಲ್ಲರೂ ಟಾರ್ಗೆಟ್ಟುಗಳ ಬಳಿಗೆ ನಡೆದೆವು. ನಮ್ಮಲ್ಲಿ ಯಾರೂ ತಮ್ಮ ಅಂಕ ತಾವೇ ಬರೆದುಕೊಳ್ಳುವುದಿಲ್ಲ. ಎಡಗಡೆಯವರು ಬಲಗಡೆಯವರದನ್ನು ಎಣಿಸಿ, ಕಾರ್ಡಿನಲ್ಲಿ ಬರೆದು ಸಹಿ ಹಾಕುತ್ತಾರೆ. ನನ್ನದನ್ನು ಎಣಿಸಬೇಕಾದವರು ಅವರು. ಅವರದನ್ನು ಎಣಿಸಬೇಕಾದವರು ಆರನೆಯ ನಂಬರಿನ ಒಬ್ಬ ಮುದುಕರು.

ಪೆನ್ಸಿಲಿನ ತುದಿ ನನ್ನ ಕಾಗದದ ಮೇಲೆ ಲಾಭ, ಎರಡು, ಮೂರು ಎಂದು ನಡೆಯಿತು. ಹತ್ತರ ಮೇಲೆ ಹನ್ನೊಂದು ಅಂದಿತು. ಹನ್ನೊಂದನೆಯ ತೂತಿನ ಹತ್ತಿರ ಅವರು ನಿಂತರು. ನಾನು ಅವರ ಹಿಂದೆ ಒಂದು ಹೆಜ್ಜೆ ದೂರದಲ್ಲಿದ್ದೆ. ಅವರ ಹೆಬ್ಬೆರಳು ಕಾಗದದ ಮೇಲೆ ಬಂದು, ಒಂದು ಸಲ ಬಲಕ್ಕೆ ಸರಿದು, ಹೋಯಿತು.

"ಒಂದು ಹೆಚ್ಚಿಗಿ ಹೊಡದೀಯಲ್ಲವಾ."

ಹತ್ತೇ ಹೊಡೆದೆ ಅಂಕಲ್, ಎರಡು ಕ್ಲಿಪ್ ಮಾತ್ರ ಇಟ್ಟುಕೊಂಡಿದ್ದೆ ಅಂದೆ. ಅಷ್ಟರಲ್ಲಿ ಆರನೆಯ ನಂಬರಿನವರು ಇವರ ಟಾರ್ಗೆಟ್ಟಿನಲ್ಲಿ ಒಂಬತ್ತೇ ತೂತು ಎಂದು ಕೂಗಿದರು. ಇವರು ತಿರುಗಿ ನೋಡಿ, ನಡುವಿನದು ಜೋಡಿ, ಒಂದೇ ತೂತಿನಲ್ಲಿ ಎರಡು ಹೋಗಿವೆ ಎಂದರು. ಅವರ ಮಾತಿಗೆ ಅಲ್ಲಿ ಬೆಲೆಯಿತ್ತು. ಹತ್ತು ಎಂದು ಬರೆಯಲಾಯಿತು.

ಇವರು ಏಳರ ಬದಲು ಎಂಟಕ್ಕೆ ಒಂದು ಹೊಡೆದಿದ್ದರು. ಅಷ್ಟೇ ನಡೆದದ್ದು. ನಾನು ಹೊಡೆಯಲು ಮಲಗಿದ್ದ ಜಾಗಕ್ಕೆ ಹಿಂದಿರುಗಿ, ಹುಲ್ಲಿನಲ್ಲಿ ಮಂಡಿಯೂರಿ ನನ್ನ ಖಾಲಿ ಕಾಡತೂಸುಗಳನ್ನು ಆರಿಸಿದೆ. ಹತ್ತು ಇದ್ದವು. ಅಂಗೈಯಲ್ಲಿ ಹಿಡಿದು ತೋರಿಸಿದೆ.

"ಒಂದು ಹುಲ್ಲಾಗ ಹೋಗಿರ್ತದ. ಎಣಿಸೋದು ತಪ್ಪತದ, ಇನ್ನೂ ಸಣ್ಣಾಕಿ ನೀ."

ಒಂದು ಗುಂಡು ಹೆಚ್ಚು ಹೊಡೆದವರ ಆ ಸುತ್ತಿನ ಅತ್ಯುತ್ತಮ ಗುಂಡನ್ನು ತೆಗೆದುಹಾಕುವುದು ನಮ್ಮ ಕ್ಲಬ್ಬಿನ ನಿಯಮ. ನನ್ನ ಹತ್ತು ಅಂಕ ಹೋಯಿತು. ಅವರು ಗೆದ್ದರು. ದೂರು ಕೊಡಲು ಅರ್ಧ ಗಂಟೆಯ ಅವಕಾಶವಿತ್ತು. ಕಾಗದ ಕೈಯಲ್ಲಿತ್ತು, ಉಂಗುರ ಕಣ್ಣೆದುರು ಇತ್ತು. ನಾನು ಕೊಡಲಿಲ್ಲ. ಗುರುಗಳ ಎದುರು, ಅಷ್ಟು ಜನರ ನಡುವೆ, ನೀವು ಸುಳ್ಳು ಹೇಳುತ್ತಿದ್ದೀರಿ ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಮನಸ್ಸಿನಲ್ಲಿ ಜೋಡಿಸುತ್ತಿದ್ದಂತೆ ಅರ್ಧ ಗಂಟೆ ಕಳೆಯಿತು. ಡಾಲಸ್‌ವರೆಗೆ ಅವರ ಕಾರಿನಲ್ಲೇ ಬಂದೆ. ದಾರಿಯಲ್ಲಿ ಕಾಫಿ ಕೊಡಿಸಿದರು.

ಅಷ್ಟಕ್ಕೆ ನಿಂತಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಅವರು ಅದನ್ನು ತಮಾಷೆ ಮಾಡಿದರು. ಮುಂದಿನ ಯುಗಾದಿಯ ಊಟದಲ್ಲಿ ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ, "ನಮ್ಮ ಹನ್ನೊಂದು ಬಂತ್ ನೋಡ್ರಿ" ಎಂದು ಕೇಳಿಸಿತು. ಕಂಪನಿಯಲ್ಲಿ ಲಕ್ಷದ ಅಂಕಿ ತಾಳೆ ನೋಡುತ್ತಾಳೆ, ಹತ್ತರವರೆಗೆ ಎಣಿಸಲು ಬರುವುದಿಲ್ಲ ಎಂಬ ಕಥೆಯನ್ನು ಪ್ರತಿ ಮನೆಯಲ್ಲೂ ಹೇಳಿದರು. ಜನ ನಕ್ಕರು. ಹೆಸರು ಅಂಟಿಕೊಂಡಿತು. ಆಂಟಿಯರು ಒಬ್ಬಟ್ಟು ಬಡಿಸುವಾಗ, ಹನ್ನೊಂದಮ್ಮ, ಎಷ್ಟು ಹಾಕಿದೆ ಎಂದು ಎಣಿಸಬೇಡ ಎನ್ನುವರು. ಒಬ್ಬರ ಪುಟ್ಟ ಮಗಳು ನನ್ನ ಬಳಿ ಬಂದು ಇಂಗ್ಲಿಷಿನಲ್ಲಿ, ನಿನ್ನ ಹೆಸರು ಯಾಕೆ ನಂಬರು ಎಂದು ಕೇಳಿದಳು. ನನ್ನ ಹತ್ತಿರ ಹೆಮ್ಮೆಪಡಲು ಹೆಚ್ಚೇನೂ ಇಲ್ಲ. ಎಣಿಸಲು ಬರುತ್ತದೆ ಎಂಬುದೊಂದಿತ್ತು. ಅದನ್ನು ತೆಗೆದುಕೊಂಡವರಿಗೆ ಅದು ಯಾರ ಗುಂಡು ಎಂದು ಗೊತ್ತಿತ್ತು. ಗೊತ್ತಿದ್ದೂ ನಗುತ್ತಿದ್ದರು.

ನಾನೂ ಮುಗುಳ್ನಗುತ್ತಿದ್ದೆ. ಮನೆಗೆ ಬಂದು ಆ ಕಾಗದವನ್ನು ರಟ್ಟಿನ ಕೊಳವೆಯಿಂದ ತೆಗೆದು ನೋಡಿ ಮತ್ತೆ ಸುತ್ತಿಡುತ್ತಿದ್ದೆ. ಅವರ ಹತ್ತಿರ ಅಭ್ಯಾಸಕ್ಕೆ ಹೋಗುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಸ್ಪರ್ಧೆಯಲ್ಲಿ ಅವರ ಪಕ್ಕದ ನಂಬರಿನಲ್ಲಿ ಹೊಡೆಯುವ ಅವಕಾಶ ಸಿಗುತ್ತಿರಲಿಲ್ಲ.

ಮುಂದಿನ ವಾರ್ಷಿಕ ಸ್ಪರ್ಧೆ ಹೂಸ್ಟನ್ ಕಡೆ. ಅದೇ ಅವರ ಕೊನೆಯದು ಎಂದು ಎಲ್ಲರಿಗೂ ಗೊತ್ತಿತ್ತು, ಹೃದಯದ ಡಾಕ್ಟರು ಸಾಕು ಎಂದಿದ್ದರು. ಕ್ಲಬ್ಬಿನಲ್ಲಿ ಒಂದು ಹಿತ್ತಾಳೆಯ ಬಿಲ್ಲೆಯಿದೆ. ಮೂರು ವಾರ್ಷಿಕ ಸ್ಪರ್ಧೆಗಳಲ್ಲಿ ಗೊತ್ತುಪಡಿಸಿದ ಅಂಕ ಮುಟ್ಟಿದವರಿಗೆ ಅದು ಸಿಗುತ್ತದೆ. ಅವರು ಎರಡು ಸಲ ಮುಟ್ಟಿದ್ದರು. ಎರಡನೆಯದು ಆಸ್ಟಿನ್‌ನದು. ಇದೊಂದು ಆದರೆ ಬಿಲ್ಲೆ ಅವರದು. ಅಂಗಿಯ ಜೇಬಿನ ಮೇಲೆ ಅದರ ಜಾಗವನ್ನು ನನಗೆ ತೋರಿಸಿದ್ದರು.

ನಾನು ಎರಡು ವಾರ ಮೊದಲೇ ಬರೆದು ಅವರ ಎಡಗಡೆಯ ನಂಬರು ಕೇಳಿ ತೆಗೆದುಕೊಂಡೆ. ಸುಳ್ಳು ಬರೆಯುವ ಯೋಚನೆ ಇರಲಿಲ್ಲ. ಅವರು ಮತ್ತೆ ತಪ್ಪು ಟಾರ್ಗೆಟ್ಟಿಗೆ ಹೊಡೆಯಲಿ, ಮತ್ತೆ ಜೋಡಿ ಎನ್ನಲಿ, ಆಗ ಎಲ್ಲರೆದುರು ಒಂಬತ್ತು ಎಂದು ನಿಜ ಬರೆಯುತ್ತೇನೆ ಎಂದುಕೊಂಡಿದ್ದೆ.

ಅವರು ತಪ್ಪಲಿಲ್ಲ. ಕೊನೆಯ ಸುತ್ತು ಮುಗಿದು ಅವರ ಕಾಗದದ ಮುಂದೆ ನಿಂತಾಗ, ತೂತುಗಳ ಅಷ್ಟು ಒಳ್ಳೆಯ ಗುಂಪನ್ನು ನಾನು ಅವರಿಂದಲೂ ನೋಡಿರಲಿಲ್ಲ. ನಾನು ಎಣಿಸಿದೆ. ಅವರದೇ ರೀತಿಯಲ್ಲಿ, ಗಟ್ಟಿಯಾಗಿ: ಲಾಭ, ಎರಡು, ಮೂರು. ಒಂಬತ್ತಕ್ಕೆ ತೂತುಗಳು ಮುಗಿದವು. ಒಂಬತ್ತನೆಯದು ಬಿಳಿಯ ಅಂಚಿನಲ್ಲಿತ್ತು. ಅದು ದುಂಡಗಿರಲಿಲ್ಲ. ಉಂಗುರದ ಮೇಲೆ ಇನ್ನೊಂದು ಉಂಗುರದ ಕಮಾನು ಕೂತಿತ್ತು, ಗ್ರಹಣ ಹಿಡಿದ ಹಾಗೆ. ಉಗುರಿಟ್ಟು ನೋಡಿದೆ. ಎರಡು ಗುಂಡು, ಒಂದೇ ತೂತು. ನಿಜವಾದ ಜೋಡಿ.

ನನ್ನ ಹೆಬ್ಬೆರಳು ಅದರ ಮೇಲೆ ಹೋಯಿತು. ಒರೆಸಲಿಲ್ಲ, ಸುಮ್ಮನೆ ಮುಚ್ಚಿಕೊಂಡಿತು.

ಅವರು ನನ್ನ ಹಿಂದೆ ನಿಂತಿದ್ದರು. "ಜೋಡಿ ಅದ ಅನಸ್ತದ ನೋಡವಾ."

"ತೂತು ಒಂಬತ್ತೇ ಇದೆ ಅಂಕಲ್."

ಸ್ಪರ್ಧೆ ನಡೆಸುವವರು ಭೂತಗನ್ನಡಿ ತರಿಸುತ್ತೇನೆ ಎಂದರು. ಮುದುಕರ ಕೊನೆಯ ಸ್ಪರ್ಧೆ, ಎಲ್ಲರಿಗೂ ಹತ್ತು ಬೇಕಾಗಿತ್ತು. ಅವರು ಬೇಡವೆಂದು ಕೈ ಮಾಡಿದರು. ನನ್ನ ಹೆಬ್ಬೆರಳನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು, ಅದೇ ಮೊದಲ ಸಲ ನೋಡುವವರಂತೆ.

"ಆಕಿ ಎಣಿಸ್ಯಾಳ. ಸಾಕು."

ನಾನು ಒಂಬತ್ತು ಎಂದು ಬರೆದು ಸಹಿ ಹಾಕಿದೆ. ಕೆಳಗೆ ಅವರೂ ಸಹಿ ಹಾಕಿದರು. ಬಿಲ್ಲೆ ಬರಲಿಲ್ಲ. ಡಾಲಸ್‌ವರೆಗಿನ ನಾಲ್ಕು ಗಂಟೆ ನಾನು ಒಬ್ಬಳೇ ಡ್ರೈವ್ ಮಾಡಿದೆ, ಬಹಳ ದಿನಗಳ ಮೇಲೆ ಹಸಿವಾಯಿತು, ದಾರಿಯಲ್ಲಿ ಎರಡು ಸಲ ತಿಂದೆ. ಪಶ್ಚಾತ್ತಾಪವಾಯಿತೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆಗಲಿಲ್ಲ.

ಅದಾದ ಮೇಲೆ ಅವರು ಯಾವ ಊಟದಲ್ಲೂ ನನ್ನನ್ನು ಹನ್ನೊಂದು ಎನ್ನಲಿಲ್ಲ. ಹೆಸರು ಹಿಡಿದು ಕರೆದರು. ನನಗೆ ಅದು ಸೋಲೊಪ್ಪಿಕೊಂಡಂತೆ ಕಂಡಿತು. ಏಳು ತಿಂಗಳ ನಂತರ ಒಂದು ಬೆಳಿಗ್ಗೆ ಗರಾಜಿನಲ್ಲಿ ಸೀಸ ಕಾಯಲಿಟ್ಟು ಕುರ್ಚಿಯ ಮೇಲೆ ಕುಳಿತವರು ಏಳಲಿಲ್ಲ.

ಕ್ಲಬ್ಬಿನವರು ಅವರ ನೆನಪಿಗೆ ಪ್ರತಿ ವರ್ಷ ಒಂದು ಸ್ಪರ್ಧೆ ಇಡಲು ತೀರ್ಮಾನಿಸಿದರು. ಮೊದಲನೆಯದು ಡಾಲಸ್‌ನ ನಮ್ಮ ರೇಂಜಿನಲ್ಲೇ, ಒಂದು ಶನಿವಾರ. ಶಿಷ್ಯೆಯಾಗಿ ನಾನು ಎರಡು ಮಾತಾಡಬೇಕೆಂದರು. ಆಡಲು ಒಪ್ಪಿಕೊಂಡೆ. ಕೊಳವೆಯನ್ನು ಕೊಂಡೊಯ್ದು, ಎಲ್ಲರ ಮುಂದೆ ಕಾಗದ ಬಿಚ್ಚಿ, ಹನ್ನೊಂದನೆಯ ತೂತಿನ ಮೇಲೆ ಬೆರಳಿಟ್ಟು ಮಾತಾಡಬೇಕೆಂದು ನಿಶ್ಚಯಿಸಿದ್ದೆ. ಸತ್ತವರಿಗೆ ಉತ್ತರ ಕೊಡಲಾಗುವುದಿಲ್ಲ ಎಂಬುದು ನನಗೆ ತೊಂದರೆ ಎನಿಸಲಿಲ್ಲ.

ಶುಕ್ರವಾರ ಸಂಜೆ ಕೆಲಸ ಮುಗಿಸಿ ಆಂಟಿಯನ್ನು, ಅವರ ಹೆಂಡತಿಯನ್ನು, ನೋಡಲು ಲಿಟಲ್ ಎಲ್ಮ್‌ಗೆ ಹೋದೆ. ಅವರು ಗರಾಜಿಗೆ ಕರೆದುಕೊಂಡು ಹೋದರು. ಸೀಸದ ಪಾತ್ರೆಯ ಮೇಲಿನ ಗೋಡೆಗೆ, ಬಟ್ಟೆಯ ಕ್ಲಿಪ್ಪಿನಿಂದ, ಹೂಸ್ಟನ್‌ನ ಆ ಕಾಗದ ನೇತುಹಾಕಿತ್ತು. ಬೇರೆ ಯಾವ ಟಾರ್ಗೆಟ್ಟೂ ಅಲ್ಲಿರಲಿಲ್ಲ.

"ದಿನಾ ಇದನ್ನ ನೋಡ್ಕೋತ ಕೂಡ್ತಿದ್ರು ನೋಡವಾ. ಯಾಕ್ರೀ ಅಂದ್ರ, ಇದರಾಗ ಹತ್ತು ಅದಾವ, ಹುಡುಗಿ ಒಂಬತ್ತು ಬರದಾಳ, ಮುಯ್ಯಿ ತೀರ್ತು ಅಂತಿದ್ರು. ಏನ್ ಮುಯ್ಯಿನೋ ನನಗ ತಿಳೀಲಿಲ್ಲ. ಹೋಳಿಗಿ ಡಬ್ಬಿ ಏನರ ನಿನ್ನ ಕಡೆ ಉಳಿದಿತ್ತೇನು?"

ಇಲ್ಲ ಆಂಟಿ ಅಂದೆ.

"ಮುಯ್ಯಿ ತೀರಿದ ಮ್ಯಾಲ ಛಲೋ ನಿದ್ದಿ ಬರಾಕತ್ತೇತಿ ಅಂದ್ರು."

ಅವರು ಮುಗ್ಧವಾಗಿ ಹೇಳಿದರು. ಮದುವೆಯಲ್ಲಿ ಕೊಟ್ಟದ್ದನ್ನು ಹಿಂದಿರುಗಿಸುವುದೂ ಮುಯ್ಯಿ, ಹೊಡೆದದ್ದಕ್ಕೆ ಹೊಡೆಯುವುದೂ ಮುಯ್ಯಿ. ನಾನು ಎರಡನೆಯದನ್ನು ಕೊಟ್ಟಿದ್ದೆ, ಅವರು ಅದನ್ನು ಮೊದಲನೆಯದಾಗಿ ತೆಗೆದುಕೊಂಡು, ಡಬ್ಬಿಯ ಮುಚ್ಚಳದ ಮೇಲೆ ಬರೆದಷ್ಟು ಸುಲಭವಾಗಿ ತೀರಿತೆಂದು ಬರೆದುಕೊಂಡಿದ್ದರು. ನನ್ನನ್ನು ಒಂದು ಮಾತೂ ಕೇಳದೆ, ತಪ್ಪನ್ನು ಬಾಯಿಬಿಟ್ಟು ಒಪ್ಪದೆ, ನನ್ನ ಸುಳ್ಳನ್ನು ತಮ್ಮ ಸುಳ್ಳಿನ ಮೇಲೆ ಇಟ್ಟು ಮುಚ್ಚಿದ್ದರು. ನಾನು ಹೊಟ್ಟೆತುಂಬ ತಿಂದು ಬಂದ ದಿನದಿಂದ ಅವರಿಗೆ ನಿದ್ದೆ ಬರುತ್ತಿತ್ತು. ಆ ನಿದ್ದೆಯನ್ನು ಕೊಟ್ಟವಳು ನಾನು.

ಆ ಕಾಗದವನ್ನು ಒಂದು ದಿನದ ಮಟ್ಟಿಗೆ ಕೊಡುವಿರಾ ಎಂದು ಕೇಳಿದೆ. ಆಂಟಿ ಕ್ಲಿಪ್ ತೆಗೆದು ಕೊಟ್ಟರು. ಬಾಗಿಲವರೆಗೆ ಬಂದು ಒಂದು ಡಬ್ಬಿ ಕೈಗಿಟ್ಟರು, ಖಾಲಿ ಕೈಯಲ್ಲಿ ಕಳಿಸುವುದು ಆ ಮನೆಯಲ್ಲಿ ಇಲ್ಲ.

ಮರುದಿನ ಬೆಳಿಗ್ಗೆ ಏಳೂವರೆಗೆ ನಾನು ರೇಂಜಿನಲ್ಲಿದ್ದೆ. ಸ್ಪರ್ಧೆ ನಡೆಸುವವರು ಒಬ್ಬರೇ ನಂಬರಿನ ಹಲಗೆಗಳನ್ನು ಜೋಡಿಸುತ್ತಿದ್ದರು. ಹೂಸ್ಟನ್‌ನ ಕಾಗದವನ್ನು ಅವರ ಮೇಜಿನ ಮೇಲೆ ಹರಡಿ ಒಂಬತ್ತನೆಯ ತೂತನ್ನು ತೋರಿಸಿದೆ. ಅವರು ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. ಎಣಿಕೆ ತಪ್ಪಿತ್ತೇ ಎಂದು ಕೇಳಿದರು. ಇಲ್ಲ, ನಾನು ಸರಿಯಾಗಿಯೇ ಎಣಿಸಿದ್ದೆ, ಬರೆದದ್ದು ಸುಳ್ಳು ಎಂದೆ. ಅವರು ಹಳೆಯ ಕಾರ್ಡು ಹುಡುಕಿ ತಂದರು. ಒಂಬತ್ತರ ಮೇಲೆ ಗೀಟು ಎಳೆದು ಹತ್ತು ಬರೆದೆ, ಪಕ್ಕದಲ್ಲಿ ಸಹಿ ಹಾಕಿದೆ. ಸುಳ್ಳು ಕಾರ್ಡಿಗೆ ಸಹಿ ಹಾಕಿದವರು ಎರಡು ವರ್ಷ ಹೊಡೆಯುವಂತಿಲ್ಲ, ಎಣಿಸುವಂತಿಲ್ಲ. ಅದನ್ನು ಅವರು ಹೇಳಲು ಕಷ್ಟಪಡುತ್ತಿದ್ದುದರಿಂದ ನಾನೇ ಹೇಳಿದೆ. ಮಾತಾಡುವವರ ಪಟ್ಟಿಯಿಂದ ನನ್ನ ಹೆಸರನ್ನೂ ತೆಗೆದರು. ಬಿಲ್ಲೆಯನ್ನು ಅಂದೇ ಆಂಟಿಯ ಕೈಗೆ ಕೊಡುತ್ತೇವೆ ಎಂದರು. ಮೂರು ಸ್ಪರ್ಧೆಗಳ ಬಿಲ್ಲೆ, ಅದರಲ್ಲಿ ಒಂದು ಆಸ್ಟಿನ್‌ನದು.

ಆಸ್ಟಿನ್ ಕಾಗದದ ರಟ್ಟಿನ ಕೊಳವೆ ಕಾರಿನ ಹಿಂದಿನ ಸೀಟಿನಲ್ಲಿತ್ತು. ಅದನ್ನು ಇಳಿಸಲಿಲ್ಲ. ಬೇರೇನಾದರೂ ಹೇಳುವುದಿದೆಯೇ ಎಂದು ಅವರು ಕೇಳಿದರು. ಇಲ್ಲ ಎಂದೆ. ಗುರುಗಳ ಹತ್ತನ್ನು ನಾನು ಹಿಂದಿರುಗಿಸಿದ್ದೆ. ಹನ್ನೊಂದನೆಯದರ ಬಗ್ಗೆ ಹೇಳಬೇಕಾದವರು ಅವರು.